ವಂಶದೋಷವೆಂಬ ಅಪವಾದ

ಉಡುತಡಿಯ ಸೀಮೆಯಲ್ಲಿ ಕನ್ಯೆಯನ್ನು ನೋಡಹೋಗುವ ಕೆಲವು ಹಿರಿಯರು "ಹುಡುಗಿಯ ತಾಯಿ ಯಾವ ರೋಗದಿಂದ ತೀರಿಕೊಂಡರು?" ಎಂದು ವಿಚಾರಿಸುವುದುಂಟು. ಸ್ತನದ ಕ್ಯಾನ್ಸರೆಂದು ತಿಳಿದೊಡನೆ ತಾಂಬೂಲವನ್ನೂ ಮುಟ್ಟದೆ ಏಳುತ್ತಾರೆ. ಇವರು ವಿದ್ಯಾವಂತರೇ. ಆಕ್ಷೇಪಿಸಿದರೆ, "ಇದು ವಂಶದ ರೋಗ, ಇಲಿಗಳಲ್ಲಿಯೇ ಸಿದ್ಧವಾಗಿದೆ" ಎನ್ನುತ್ತಾರೆ. ಒಳ್ಳೆಯದು, ಇಲಿಯನ್ನು ಸಾಕ್ಷಿಗೆ ಕರೆದವರು ಅದರ ಮಾತನ್ನು ಕೊನೆಯವರೆಗೂ ಕೇಳಬೇಕು.

ಇಲಿಯ ಸಾಕ್ಷ್ಯವೇ ಹುರುಳಿಲ್ಲದ್ದೆಂದು ನಾವು ಹೇಳೆವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ತೋರಿದ ಮಂಗನ ಕಾಯಿಲೆಯ ವೈರಸ್ಸನ್ನು ಪುಣೆಯ ವಿಜ್ಞಾನಿಗಳು ಹಿಡಿದದ್ದು ಇಲಿಗಳ ಮೂಲಕವೇ. ಆ ಋಣ ನಮ್ಮ ಮೇಲಿದೆ.

ಅಮೆರಿಕದಲ್ಲಿ ಬೆಳೆಸಿದ ಕೆಲವು ತಳಿಯ ಹೆಣ್ಣಿಲಿಗಳಿಗೆ ಸ್ತನದ ಗೆಡ್ಡೆಗಳು ತಲೆತಲಾಂತರವಾಗಿ ಬರುತ್ತಿದ್ದುವು. 1936ರಲ್ಲಿ ಬಿಟ್ನರ್ ಎಂಬ ವಿದ್ವಾಂಸನು ಅಂಥ ಮರಿಗಳನ್ನು ಹುಟ್ಟಿದೊಡನೆ ಬೇರೆ ತಳಿಯ ತಾಯಿಯ ಮಡಿಲಿಗೆ ಹಾಕಿ ನೋಡಿದನು. ರೋಗವು ಬಹುಮಟ್ಟಿಗೆ ಇಳಿಯಿತು. ವಂಶದ ಪಾಲು ಇದ್ದರೂ, ಮುಖ್ಯ ಕಾರಣವು ಹಾಲಿನಲ್ಲಿ ಬರುವ ವೈರಸ್ಸೆಂದು ಮುಂದೆ ತಿಳಿಯಿತು. ಇದು ಇಲಿಗಳ ಮಾತು. ನಮ್ಮ ತಾಯಂದಿರು ಮೊಲೆಯೂಡಿಸಲು ಅಂಜಬೇಕಾಗಿಲ್ಲ. ಮನೆತನದಲ್ಲಿ ಕಂಡದ್ದೆಲ್ಲವೂ ರಕ್ತದೋಷವಲ್ಲವೆಂಬುದೇ ಇಲ್ಲಿಯ ಪಾಠ.

ವಂಶವೇ ಕಾರಣವಾಗುವುದೂ ಉಂಟು, ಅದನ್ನು ಮರೆಮಾಚೆವು. ಆದರೆ ಸ್ತನದ ಕ್ಯಾನ್ಸರುಗಳಲ್ಲಿ ಅಂಥವು ನೂರಕ್ಕೆ 5ರಿಂದ 10 ಮಾತ್ರ. 1994ರಲ್ಲಿ ಬಿ.ಆರ್.ಸಿ.ಎ. 1 ಎಂಬ ವಂಶವಾಹಿಯನ್ನು ಗುರುತಿಸಿದ ಮೇಲೆ ಇಲಿಗಳಲ್ಲಿ ಅದನ್ನು ಕೆಡಿಸಿ ಪರೀಕ್ಷಿಸಿದರು. ಜೋಡಿಯೆರಡೂ ಕೆಟ್ಟ ಮರಿ ಗರ್ಭದಲ್ಲಿಯೇ ಸತ್ತಿತು. ಒಂದು ಮಾತ್ರ ಕೆಟ್ಟ ಇಲಿಗೆ ಗೆಡ್ಡೆಯೇ ಸುಲಭವಾಗಿ ಬರಲಿಲ್ಲ. ಮನುಷ್ಯರಲ್ಲಿ ಅಪಾಯವು ಇದಕ್ಕಿಂತ ಬಹಳ ಹೆಚ್ಚು. ಆದರೂ ಅದು ಅಪಾಯವೇ ಹೊರತು ವಿಧಿಲಿಖಿತವಲ್ಲ. ತಾಯಿಗೆ ಆ ದೋಷವಿದ್ದರೂ ಅದು ಮಗಳಿಗೆ ಬರುವ ಸಂಭವ ಅರ್ಧಕ್ಕರ್ಧ.

ಇನ್ನೊಂದು ಮಾತು. ಈ ದೋಷವು ತಂದೆಯಿಂದಲೂ ಅಷ್ಟೇ ಬರುತ್ತದೆ, ಮಗನಿಗೂ ಅಷ್ಟೇ ಹೋಗುತ್ತದೆ. ವರನ ಅಜ್ಜಿ, ಸೋದರತ್ತೆಯರು ಯಾವುದರಿಂದ ತೀರಿಕೊಂಡರೆಂದು ಕೇಳಿದವರುಂಟೆ? ಹೆಣ್ಣಿಗೆ ಮಾತ್ರ ಹಚ್ಚುವ ಶಾಸ್ತ್ರವು ವಿಜ್ಞಾನವಲ್ಲ. ಹಳೆಯ ಕಟ್ಟಳೆಗೆ ಹೊಸ ಅಂಗಿ.

ಇದರ ಫಲವೇನು? ಮದುವೆ ತಪ್ಪೀತೆಂದು ಮನೆಯವರು ರೋಗವನ್ನು ಬಚ್ಚಿಡುತ್ತಾರೆ; ಗಂಟು ಕಂಡ ಹೆಣ್ಣು ಬಾಯಿ ಬಿಡುವುದಿಲ್ಲ; ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಗುಣವಾಗಬಹುದಾಗಿದ್ದುದು ಬಾಯಿಮುಚ್ಚಿದ್ದರಿಂದ ಕೊಲ್ಲುತ್ತದೆ.

ಆದುದರಿಂದ ಹಿರಿಯರೇ, ಆ ಪ್ರಶ್ನೆಯನ್ನು ಅಗತ್ಯವಾಗಿ ಕೇಳಿರಿ. ಎರಡು ಮನೆಗಳಲ್ಲಿಯೂ ಕೇಳಿರಿ. ಎದ್ದುಹೋಗುವುದಕ್ಕಲ್ಲ, ಮನೆಗೆ ಬರುವ ಸೊಸೆಯನ್ನೂ ಮನೆಯ ಮಗಳನ್ನೂ ಕಾಲಕಾಲಕ್ಕೆ ಪರೀಕ್ಷೆಗೆ ಕರೆದೊಯ್ಯುವುದಕ್ಕೆ. ಅಕ್ಕಮಹಾದೇವಿ ಹುಟ್ಟಿದ ನೆಲದಲ್ಲಿ ಹೆಣ್ಣಿನ ಬಾಳಿಗೆ ಇಷ್ಟು ಬೆಲೆಯನ್ನಾದರೂ ಕೊಡೋಣ.