ಬಡವನ ವಂಶಾವಳಿ

ಅರಸುಮನೆತನಗಳ ವಂಶಾವಳಿಯನ್ನು ಬರೆದಿಡುವವರು ಎಲ್ಲ ದೇಶಗಳಲ್ಲಿಯೂ ಉಂಟು. ಕೂಲಿಯಾಳಿನ ವಂಶಾವಳಿಯನ್ನು ಬರೆಯುವವರು ಯಾರು? ಡೆನ್ಮಾರ್ಕಿನಲ್ಲಿ ಆ ಕೆಲಸವನ್ನು ಊರಾಡಳಿತದ ಕಡತಗಳು ಮಾಡಿವೆ. ಅದೂ ಪ್ರೀತಿಯಿಂದಲ್ಲ, ಖರ್ಚಿನ ಭಯದಿಂದ.

ಅಲ್ಲಿ ತಂದೆಯ ಹೆಸರೇ ಮಕ್ಕಳ ಉಪನಾಮವಾಗುತ್ತಿತ್ತು: ಹಾನ್ಸನ ಮಗ ಹಾನ್ಸೆನ್, ಯೆನ್ಸನ ಮಗ ಯೆನ್ಸೆನ್. ಹಳ್ಳಿಹಳ್ಳಿಗೂ ಒಂದೇ ಹೆಸರಿನವರು ಹಲವರಿದ್ದುದರಿಂದ, ಚರ್ಚಿನ ಜನನ ಮರಣಗಳ ಪುಸ್ತಕವೊಂದನ್ನೇ ನಂಬಿದವನಿಗೆ ತನ್ನ ಮುತ್ತಜ್ಜನಾರೆಂಬುದು ತಿಳಿಯುವುದು ಕಷ್ಟ. ಆಗ ನೆರವಿಗೆ ಬರುವುವು ದೀನಪೋಷಣೆಯ ಕಾಗದಗಳು. 1803ರ ಕಟ್ಟಳೆಗಳು ಬಡವರ ಪೋಷಣೆಯನ್ನು ಊರವರ ಹೊಣೆಯಾಗಿಸಿದುವು; 1841ರ ಆಜ್ಞೆಯಿಂದ ಗ್ರಾಮಾಡಳಿತ ಮಂಡಲಿಗಳು ಹುಟ್ಟಿದುವು. ನೆರವು ಬೇಡಿದವನು ಹುಟ್ಟಿದುದೆಲ್ಲಿ, ಯಾವ ಯಾವ ಮನೆಯಲ್ಲಿ ಎಷ್ಟೆಷ್ಟು ಕಾಲ ದುಡಿದನು ಎಂಬುದನ್ನೆಲ್ಲ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಏಕೆಂದರೆ, ಅವನು ಬೇರೊಂದು ಊರಿಗೆ ಸೇರಿದವನೆಂದು ಸಿದ್ಧವಾದರೆ ಖರ್ಚು ಆ ಊರಿನದು!

ಬೇಡಿದವನು ತೆತ್ತ ಬೆಲೆಯೂ ಅಲ್ಪವಲ್ಲ. ಪಡೆದ ನೆರವನ್ನು ತೀರಿಸದವನಿಗೆ, ಅದು ಮನ್ನಾ ಆಗದಿದ್ದಲ್ಲಿ, 1849ರ ಸಂವಿಧಾನವು ಮತದಾನದ ಹಕ್ಕನ್ನೇ ನಿರಾಕರಿಸಿತು.

ಈ ಕಾಗದಗಳನ್ನು ಅರಸುವವನಿಗೆ ಎರಡು ಸಿದ್ಧತೆಗಳು ಬೇಕು. ಹಳೆಯ ಗಾಥಿಕ್ ಕೈಬರಹವನ್ನು ಓದಲು ಕಲಿಯಬೇಕು; ಪೂರ್ವಜನು ಬಾಳಿದ ಊರನ್ನು ಮೊದಲೇ ಅರಿತಿರಬೇಕು. ಮಂಡಲಿಯ ಕಡತಗಳಿರುವುದು ಊರಿನ ಹೆಸರಿನಲ್ಲಿ, ಬಡವನ ಹೆಸರಿನಲ್ಲಲ್ಲ.

ಇಷ್ಟು ಶ್ರಮಪಟ್ಟವನಿಗೆ ದೊರೆಯುವುದೇನು? ಕವಡೆಯ ಆಸ್ತಿಯನ್ನೂ ಬಿಡದೆ ಹೋದ ಅಜ್ಜನ ಬಾಳಿನ ಕಥೆ. ಅದನ್ನು ಕಾಪಾಡಿಕೊಟ್ಟವರು, ಅವನನ್ನು ಹೊರೆಯೆಂದು ಬಗೆದು ಲೆಕ್ಕ ಬರೆದವರೇ!