ಕೈಸನ್ನೆಯೂ ಯಂತ್ರವೂ

ಮುಟ್ಟದೆಯೇ, ಬರಿಯ ಕೈಸನ್ನೆಯಿಂದ ಯಂತ್ರವನ್ನು ನಡೆಸಬೇಕೆಂಬ ಆಸೆ ಹೊಸದಲ್ಲ. 1920ರ ಸುಮಾರಿಗೆ ರಷ್ಯಾದ ಲೆವ್ ತೆರೆಮಿನ್ ನಿರ್ಮಿಸಿದ ವಾದ್ಯದಲ್ಲಿ ವಾದಕನ ಕೈಯೇ ವಿದ್ಯುತ್ ಧಾರಕದ ಒಂದು ಫಲಕದಂತೆ ವರ್ತಿಸುತ್ತದೆ. ಕೈ ಸಮೀಪಿಸಿದಂತೆಲ್ಲ ಸ್ವರವು ಏರುತ್ತದೆ. 1980ರಲ್ಲಿ ಅಮೆರಿಕದ ಎಂ.ಐ.ಟಿ.ಯ ರಿಚರ್ಡ್ ಬೋಲ್ಟ್ ಅವರು, ಗೋಡೆಯ ಮೇಲಿನ ಆಕೃತಿಯೊಂದರತ್ತ ಕೈತೋರಿ ‘ಅದನ್ನು ಅಲ್ಲಿಡು’ ಎಂದರೆ ಗಣಕಯಂತ್ರವು ಹಾಗೆಯೇ ಮಾಡುವ ಏರ್ಪಾಡನ್ನು ತೋರಿಸಿದರು. 2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಎಂಬ ಸಾಧನವು ಕೋಣೆಯೊಳಗೆ ಅವಗೆಂಪು ಬೆಳಕಿನ ಚುಕ್ಕೆಗಳನ್ನು ಚೆಲ್ಲಿ, ಅವುಗಳ ಸ್ಥಾನಪಲ್ಲಟದಿಂದ ದೂರವನ್ನು ಅಳೆದು, ಆಟಗಾರನ ಅಂಗಚಲನೆಯನ್ನು ಗುರುತಿಸಿತು. ಎರಡು ಕೋಟಿಗೂ ಮಿಕ್ಕಿ ಮಾರಾಟವಾದ ಈ ಸಾಧನದ ತಯಾರಿಕೆ 2017ರಲ್ಲಿ ನಿಂತುಹೋಯಿತು.

ಕಾರಣಗಳು ಹಲವಿರಬಹುದು. ಕೈಸನ್ನೆಯ ಒಂದು ತೊಡಕನ್ನಂತೂ ವಾಚಕರು ಈಗಲೇ ಪರೀಕ್ಷಿಸಿ ನೋಡಬಹುದು. ತೋಳನ್ನು ಮುಂದಕ್ಕೆ ನೀಡಿ ಐದು ನಿಮಿಷ ಅಲುಗಾಡದೆ ನಿಲ್ಲಿರಿ. ಸ್ಥಾನಾಂತರವಿಲ್ಲವಾದ್ದರಿಂದ ಭೌತಶಾಸ್ತ್ರದ ಪ್ರಕಾರ ನೀವು ಮಾಡಿದ ಕೆಲಸ ಸೊನ್ನೆ. ಆದರೆ ಸುಮಾರು 3 ಕಿಲೋಗ್ರಾಂ ತೂಗುವ ತೋಳನ್ನು ಎತ್ತಿ ಹಿಡಿದ ಸ್ನಾಯುಗಳಿಗೆ ಈ ಲೆಕ್ಕ ತಿಳಿಯದು. ಅವು ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತವೆ. ಮೇಜಿನ ಮೇಲೆ ಕೈಯೂರಿ ಕೀಲಿಯನ್ನೊತ್ತಬಲ್ಲ ಆರೋಗ್ಯವಂತನಿಗೆ ಗಾಳಿಯಲ್ಲಿ ಕೈಬೀಸುವುದು ವಿನೋದವೇ ಹೊರತು ಅಗತ್ಯವಲ್ಲವೆಂದು ನನ್ನ ಅಭಿಪ್ರಾಯ.

ಅಗತ್ಯವಿರುವವರು ಬೇರೆಯೇ ಇದ್ದಾರೆ. ಜಪಾನಿನಲ್ಲಿ 2002ರಿಂದ ಮಾರಾಟಕ್ಕೆ ಬಂದ ‘ಮೈ ಸ್ಪೂನ್’ ಎಂಬ ಉಣಿಸುವ ಯಂತ್ರವನ್ನು ಗಲ್ಲದಿಂದಲೂ ನಡೆಸಬಹುದಾಗಿತ್ತು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸುಮಾರು ಹದಿನೈದು ವರ್ಷಗಳಿಂದ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಮಹಿಳೆಯೊಬ್ಬರು, ಮಿದುಳಿನಲ್ಲಿರಿಸಿದ ವಿದ್ಯುದಗ್ರಗಳ ನೆರವಿನಿಂದ ಯಂತ್ರದ ತೋಳನ್ನು ನಡೆಸಿ ತಾವಾಗಿಯೇ ಕಾಫಿ ಕುಡಿದರು. ಒಂದು ಗುಟುಕು ಕಾಫಿ ಎಂದರೆ ಅಷ್ಟು!

ಇಲ್ಲಿಯೇ ವಿಪರ್ಯಾಸವಿರುವುದು. ಕೈಸನ್ನೆಯನ್ನು ಗುರುತಿಸುವ ಇಂದಿನ ಕ್ರಮಗಳು, ಉದಾಹರಣೆಗೆ ಗೂಗಲ್ ಸಂಸ್ಥೆ 2019ರಲ್ಲಿ ಹೊರತಂದ ಕ್ರಮವು, ಅಂಗೈ ಬೆರಳುಗಳಲ್ಲಿ 21 ಬಿಂದುಗಳನ್ನು ಹುಡುಕುತ್ತವೆ. ಐದು ಬೆರಳುಗಳೂ ಇರಬೇಕೆಂಬುದು ಆ ಲೆಕ್ಕದೊಳಗೇ ಅಡಗಿದೆ. ಬೆರಳು ಕಳೆದುಕೊಂಡ ಕೈ, ಪಾರ್ಶ್ವವಾಯುವಿನಿಂದ ಮಡಿಚಿಕೊಂಡ ಕೈ, ಇವುಗಳ ಗತಿಯೇನು? ನಡುಗುವ ಕೈಗಾದರೆ ಉಪಾಯವುಂಟು. ಪಾರ್ಕಿನ್ಸನ್ ರೋಗದ ನಡುಕವು ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 6 ಸಲ. ಬೇಕೆಂದು ಮಾಡುವ ಚಲನೆ ಬಹುಮಟ್ಟಿಗೆ ಅದಕ್ಕಿಂತ ನಿಧಾನ. ಆದುದರಿಂದ ವೇಗದ ಕಂಪನವನ್ನು ಸೋಸಿ ತೆಗೆಯಬಹುದು. ಸೋಸಿದಷ್ಟೂ ಯಂತ್ರವು ತಡವಾಗಿ ಓಗೊಡುವುದು ನಿಜ. ಊಟದ ಚಮಚಕ್ಕೆ ಆ ತಡ ಹೆಚ್ಚೇನಲ್ಲ. ಮಡಿಚಿದ ಕೈಗಾದರೋ ಸೋಸುವ ಉಪಾಯ ಸಾಲದು. ಅಂಥವರು ಯಂತ್ರದ ಸನ್ನೆಗಳನ್ನು ಕಲಿಯಬೇಕೆನ್ನುವುದು ಅನ್ಯಾಯ. ಅವರಿಗೆ ಸಾಧ್ಯವಾದ ಸನ್ನೆಯನ್ನು, ಅದು ಹುಬ್ಬಿನ ಚಲನೆಯೇ ಆಗಿರಲಿ, ಯಂತ್ರವೇ ಕಲಿಯತಕ್ಕದ್ದು. ಪರದೆಯ ಮೇಲೆ ಸನ್ನೆ ತಪ್ಪಿದರೆ ಹಾನಿಯಿಲ್ಲ. ಬಿಸಿ ಕಾಫಿ ಹಿಡಿದ ಯಂತ್ರದ ತೋಳು ತಪ್ಪಿದರೆ ಮೈ ಸುಡುತ್ತದೆ. ‘ನಿಲ್ಲು’ ಎಂಬ ಆಜ್ಞೆಗೆ ಸನ್ನೆಯಲ್ಲದೆ ಬೇರೊಂದು ಗುಂಡಿಯೂ ಇರಲೇಬೇಕು.

ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿ ಪ್ರತಿವರ್ಷವೂ ಕೈಸನ್ನೆಗೆ ಓಡುವ ಪುಟ್ಟ ಬಂಡಿಯೊಂದು ಬರುತ್ತದೆ. ‘ಯಾರ ಕೈಯಿಂದ ಪರೀಕ್ಷಿಸಿದಿರಿ?’ ಎಂದು ನಾನು ಕೇಳುವುದುಂಟು. ‘ನಮ್ಮದೇ ಕೈಯಿಂದ, ಸಾರ್’ ಎಂಬುದೇ ಇದುವರೆಗಿನ ಉತ್ತರ.