ಮಾರಿಕುಪ್ಪಂ ಸ್ಟೇಷನ್ ಯಾರದ್ದು?

ನಿನ್ನೆ ಯಾರೋ ಮಾರಿಕುಪ್ಪಂ ರೈಲ್ವೆ ಸ್ಟೇಷನ್ ಫೋಟೋ ಹಾಕಿದ್ರು. ಬ್ರಿಟಿಷರ ಕಾಲದ ವೈಭವ, ಲಿಟ್ಲ್ ಇಂಗ್ಲೆಂಡ್, ಕ್ಲಬ್ಬು, ಬಂಗಲೆ, ತಂಪು ಹವಾ ಅಂತ ಉದ್ದಕ್ಕೆ ಬರೆದಿದ್ರು. ಕೆಳಗೆ ನೂರಾರು ಹೃದಯದ ಗುರುತು. ಅಷ್ಟೂ ಓದಿದೆ. ಒಂದು ಕಡೆನೂ ಗಣಿ ಒಳಗೆ ಇಳಿದವರ ಹೆಸರಿಲ್ಲ. ಆ ಸ್ಟೇಷನ್‌ನಲ್ಲಿ ಇವತ್ತು ಕತ್ತಲಲ್ಲಿ ರೈಲು ಹತ್ತೋರ ಸುದ್ದಿ ಇಲ್ಲ. ಹಂಗಾಗಿ ಇದನ್ನ ಬರೀತಾ ಇದ್ದೀನಿ. ಉದ್ದ ಆಗುತ್ತೆ, ಓದಿ.

ಮೊದಲು ಚರಿತ್ರೆ. ಬೆಂಗಳೂರಿಗೆ ಮದ್ರಾಸ್ ಕಡೆಯಿಂದ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆ ಮೂಲಕ. ಆ ದಾರಿಯಲ್ಲಿದ್ದ ಬೌರಿಂಗ್‌ಪೇಟೆಯೇ ಇವತ್ತಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಅದಕ್ಕೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕ್ತು. ಚಿನ್ನ ಸಿಕ್ತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿ ತನಕ ಹತ್ತು ಮೈಲಿ ಹಳಿ ಹಾಕಿದ್ರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಅಲ್ಲಿಗೆ ಹಳಿ ಮುಗೀತು. ಹೆಸರುಗಳನ್ನ ನೋಡಿ, ಸ್ಟೇಷನ್‌ಗೂ ಗಣಿಗೂ ವ್ಯತ್ಯಾಸವೇ ಇಲ್ಲ. ಹಳಿ ಹಾಕಿದ್ದು ಜನರಿಗಲ್ಲ, ಯಂತ್ರ ತರೋಕೆ, ಕಲ್ಲಿದ್ದಲು ತರೋಕೆ, ಚಿನ್ನ ಸಾಗಿಸೋಕೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಾಗಲೂ ಅಷ್ಟೇ. ಬೆಂಗಳೂರಿಗಿಂತ ಮೊದಲು ನಮ್ಮೂರಿಗೆ ಕರೆಂಟ್ ಬಂತು ಅಂತ ಹೆಮ್ಮೆ ಪಡೋರಿದ್ದಾರೆ. ನಮ್ಮೂರಿಗೆ ಅಲ್ಲಪ್ಪಾ, ಗಣಿ ಯಂತ್ರಕ್ಕೆ ಬಂತು.

ಜನನೂ ಅದೇ ಹಳಿ ಮೇಲೆ ಬಂದ್ರು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಮೇಸ್ತ್ರಿಗಳು ಕರ್ಕೊಂಡು ಬಂದ ಕೂಲಿಗಳು, ಹೆಚ್ಚಿನವರು ನಮ್ಮವರೇ. ಹಳ್ಳಿಯಲ್ಲಿ ಜಮೀನ್ದಾರನ ಜೀತ ಬಿಟ್ಟು ಬಂದವರು. ತಟ್ಟಿ ಗುಡಿಸಲ ಲೈನುಗಳಲ್ಲಿ ಇದ್ರು. ಮೂರು ಕಿಲೋಮೀಟರ್ ಆಳಕ್ಕೂ ಇಳಿದ್ರು. ಶಿಫ್ಟ್ ಮುಗಿದು ಮೇಲೆ ಬಂದ್ರೆ ಮೈ ಮುಟ್ಟಿ ತಪಾಸಣೆ. ಮುಟ್ಟಬಾರದವರನ್ನ ಮುಟ್ಟೋಕೆ ಚಿನ್ನ ಬೇಕಾಯ್ತು ನೋಡಿ. ನಮ್ಮ ತಾತ ಕಲ್ಲಿನ ಧೂಳು ಎದೇಲಿ ತುಂಬ್ಕೊಂಡೇ ಸತ್ತಿದ್ದು. ಸಿಲಿಕೋಸಿಸ್ ಅನ್ನೋ ಪದ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಮನೇಲಿ ಅದಕ್ಕೆ ಕೆಮ್ಮು ಅಂತಿದ್ರು, ಅಷ್ಟೇ.

ಆದ್ರೆ ಇವರನ್ನ ಬರೀ ಸಂತ್ರಸ್ತರು ಮಾಡಿ ಕೂರಿಸ್ಬೇಡಿ. ಮಾರಿಕುಪ್ಪಂ ಅನ್ನೋ ಹೆಸರು ಓದಿದಾಗ ನಮ್ಮ ಹುಡುಗರಿಗೆ ನೆನಪಾಗಬೇಕಾದ್ದು ಬೇರೆ. ಅಯೋತಿ ದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ್ರಲ್ಲ, ಅದರ ಶಾಖೆ ಇದೇ ಮಾರಿಕುಪ್ಪಂನಲ್ಲಿ ಇತ್ತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956ರಲ್ಲಿ. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಗಣಿ ಕೂಲಿಗಳು ಬುದ್ಧನ ಹೆಸರು ಹೇಳ್ತಿದ್ರು. ಪಂಡಿತರ 'ತಮಿಳನ್' ಪತ್ರಿಕೆ ಲೈನ್ ಮನೆಗಳಿಗೆ ಇದೇ ಹಳಿ ಮೇಲೆ ಬಂದಿರಬೇಕು, ಮದ್ರಾಸಿನಿಂದ ಬರೋಕೆ ಇನ್ಯಾವ ದಾರಿ ಇತ್ತು? 1930ರಲ್ಲಿ ಕಂಪನಿ ಹೆಬ್ಬೆಟ್ಟು ಗುರುತು ಕೊಡಿ ಅಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಕೂತ್ರು, ನಾವು ಕಳ್ಳರಲ್ಲ ಅಂತ. ಸಿನಿಮಾದಲ್ಲಿ ಬಾಂಬೆಯಿಂದ ಒಬ್ಬ ಹೀರೋ ಬಂದು ಬಿಡುಗಡೆ ಮಾಡ್ತಾನೆ. ನಮ್ಮ ಕೆಜಿಎಫ್‌ಗೆ ಅಂಥೋನು ಯಾರೂ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯ್ತು, ಸಯನೈಡ್ ಗುಡ್ಡ ಉಳೀತು, ಹಳಿ ಉಳೀತು. ಅವತ್ತಿಂದ ಹಳಿ ಮೇಲೆ ಹೋಗ್ತಿರೋದು ಜನ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗಿಬರೋಕೆ ದಿನಕ್ಕೆ ನಾಲ್ಕೈದು ಗಂಟೆ ರೈಲಲ್ಲೇ. ಸೆಕ್ಯುರಿಟಿ ಗಾರ್ಡು, ಹೌಸ್‌ಕೀಪಿಂಗು, ಗಾರ್ಮೆಂಟು, ಪೇಂಟಿಂಗು, ಆಸ್ಪತ್ರೆ ಆಯಾ. ಡಿಗ್ರಿ ಮಾಡಿರೋ ಹುಡುಗರೂ ಇದ್ದಾರೆ. ಇವರಿಗೆ ಇದು ಪ್ರವಾಸದ ರೈಲಲ್ಲ, ಗಣಿಯ ಕೇಜ್ ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಹತ್ತಲಿಲ್ಲ ಅಂದ್ರೆ ಅವತ್ತಿನ ಕೂಲಿ ಇಲ್ಲ.

2020ರ ಮಾರ್ಚ್‌ನಲ್ಲಿ ರೈಲು ನಿಂತ್ವು. ಮತ್ತೆ ಓಡೋಕೆ ಶುರುವಾದಾಗ ದೇಶದ ತುಂಬಾ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿದ್ರು. ಕನಿಷ್ಠ 10 ರೂಪಾಯಿ ಇದ್ದದ್ದು 30 ಆಯ್ತು. ಅದೇ ಗಾಡಿ, ಅದೇ ವೇಗ, ಅದೇ ಬೆಂಚು. ಇಳಿಸಿದ್ದು 2024ರ ಫೆಬ್ರವರಿಯಲ್ಲಿ, ಚುನಾವಣೆ ಹತ್ರ ಬಂದಾಗ. ಅಷ್ಟು ವರ್ಷ ಕೂಲಿಯವರ ಜೇಬಿಂದ ಹೋದ ದುಡ್ಡಿನ ಲೆಕ್ಕ ಯಾವ ಪೇಪರ್‌ನಲ್ಲಿ ನೋಡಿದ್ರಿ?

ಈಗ ಸೌಲಭ್ಯದ ಮಾತು. ಇಲ್ಲಿಗೆ ಬಂದ ತಕ್ಷಣ ಒಬ್ರು ಹೇಳ್ತಾರೆ: "ರೈಲಿಗೆ ಜಾತಿ ಇಲ್ಲ ಬಿಡಿ ಸಾರ್, ಎಲ್ಲಾನೂ ಜಾತಿಗೆ ತರ್ತೀರಾ."

ಸರಿ ಸ್ವಾಮಿ. 1901ರಲ್ಲಿ ಮಸೂರ್ ಅನ್ನೋ ಪುಟ್ಟ ಸ್ಟೇಷನ್‌ನಲ್ಲಿ ಇಳಿದ ಬಾಲಕ ಭೀಮರಾವ್ ಮತ್ತವರ ಜೊತೆಗಿದ್ದ ಮಕ್ಕಳನ್ನ ಸ್ಟೇಷನ್ ಮಾಸ್ತರ ಚೆನ್ನಾಗೇ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಮುಖ ತಿರುಗಿಸಿ ಹೋದ. ಗಾಡಿಯವರು ಯಾರೂ ಹತ್ತಿಸ್ಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡ್ಕೊಂಡು ಹೋಗ್ಬೇಕಾಯ್ತು. ದಾರಿಯುದ್ದಕ್ಕೂ ಕುಡಿಯೋಕೆ ನೀರಿಲ್ಲ. ಇದನ್ನ ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಮದ್ರಾಸ್ ಸೀಮೆಯ ಸ್ಟೇಷನ್‌ಗಳಲ್ಲಿ ಬ್ರಾಹ್ಮಣರಿಗೆ ಬೇರೆ ಊಟದ ಕೋಣೆ ಇತ್ತು, ಪೆರಿಯಾರ್ ಮತ್ತವರ ಸಂಗಡಿಗರು ಹೋರಾಡಿ ಅದು ತೆಗೆದದ್ದು 1941ರಲ್ಲಿ. ಹಳಿ ಮೇಲೆ ಬೀಳೋ ಮಲ ಎತ್ತೋಕೆ ಯಾವ ಜಾತಿಯವರನ್ನ ಇಟ್ಟಿದ್ರು ಅಂತ ಬಾಯಿಬಿಟ್ಟು ಹೇಳ್ಬೇಕಾ?

ಅದೆಲ್ಲಾ ಹಳೇದು ಅಂತೀರಿ. ಹಾಗಾದ್ರೆ ಈಗಿನದ್ದು ಕೇಳಿ. 2017ರಿಂದ ರೈಲ್ವೆಯವರು ಸ್ಟೇಷನ್‌ಗಳನ್ನ ಉಪನಗರ, ಉಪನಗರೇತರ, ಹಾಲ್ಟ್ ಅಂತ ಮೂರು ಗುಂಪು ಮಾಡಿದ್ದಾರೆ. ಅದರೊಳಗೆ ಮತ್ತೆ ದರ್ಜೆಗಳು. ದರ್ಜೆ ಹೇಗೆ ನಿಗದಿ ಆಗುತ್ತೆ? ಎಷ್ಟು ಜನ ಹತ್ತುತಾರೆ, ಎಷ್ಟು ಆದಾಯ ಬರುತ್ತೆ ಅನ್ನೋದರ ಮೇಲೆ. ನಲ್ಲಿ ಎಷ್ಟು, ಬೆಂಚು ಎಷ್ಟು, ನೆರಳು ಎಷ್ಟು, ಪಾಯಖಾನೆ ಎಷ್ಟು ಅನ್ನೋದು ಆ ದರ್ಜೆಯ ಮೇಲೆ. ಕಾಗದದಲ್ಲಿ ಜಾತಿ ಅನ್ನೋ ಪದ ಎಲ್ಲೂ ಇಲ್ಲ. ಆದ್ರೆ ತಿಂಗಳ ಪಾಸ್ ಮೇಲೆ ಓಡಾಡೋ ಕೂಲಿಗಳ ಸ್ಟೇಷನ್‌ಗೆ ಏಸಿ ಬೋಗಿ ಹತ್ತೋರ ಸ್ಟೇಷನ್‌ನಷ್ಟು ಆದಾಯ ಎಲ್ಲಿಂದ ಬರಬೇಕು? ಬಡವನ ಬಾಯಾರಿಕೆಗೆ ಅರ್ಧ ಲೋಟ ಅಂತ ಬರೆದಿಟ್ಟ ಹಾಗಾಯ್ತು. ಬೈಯಪ್ಪನಹಳ್ಳಿಯಲ್ಲಿ 314 ಕೋಟಿಗೆ ಏರ್‌ಪೋರ್ಟ್ ಥರ ಏಸಿ ಟರ್ಮಿನಲ್ ಕಟ್ಟಿ 2022ರಲ್ಲಿ ತೆರೆದ್ರು. ಕಟ್ಟಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಅದರ ನೆಲ ಒರೆಸೋ ಅಕ್ಕ ಬೆಳಿಗ್ಗೆ ಹತ್ತಿ ಬಂದ ಸ್ಟೇಷನ್ ಹೇಗಿದೆ ಅಂತ ಕೇಳ್ತಾ ಇದ್ದೀನಿ.

ನಮ್ಮ ಬೀದಿಯ ಅಕ್ಕ ಒಬ್ರು ಬೆಂಗಳೂರಿಗೆ ಮನೆಕೆಲಸಕ್ಕೆ ಹೋಗ್ತಾರೆ. ಬೆಳಿಗ್ಗೆ ಎದ್ದಾಗಿಂದ ನೀರು ಕುಡಿಯಲ್ಲ. ಯಾಕಕ್ಕಾ ಅಂದ್ರೆ, "ಕುಡಿದ್ರೆ ಎಲ್ಲಿಗೆ ಹೋಗ್ಲಪ್ಪಾ" ಅಂದ್ರು. ದಾರೀಲಿ ಒಂದು ಸ್ಟೇಷನ್‌ನಲ್ಲಿ ಪಾಯಖಾನೆ ಇದೆ, ಬೀಗನೂ ಇದೆ. ನೂರಿಪ್ಪತ್ತು ವರ್ಷದ ಹಿಂದೆ ಆ ಹುಡುಗನಿಗೆ ನೀರು ಸಿಗಲಿಲ್ಲ. ಈ ಅಕ್ಕನಿಗೆ ಸಿಗುತ್ತೆ, ಕುಡಿಯೋಕಾಗಲ್ಲ.

ಇನ್ನು ಸಬರ್ಬನ್ ರೈಲು. 2020ರಲ್ಲಿ ಒಪ್ಪಿಗೆ ಸಿಕ್ಕಿದ್ದು, ನಾಲ್ಕು ಮಾರ್ಗ, 148 ಕಿಲೋಮೀಟರ್, 15,767 ಕೋಟಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು ಬೇರೆ. ನಮ್ಮ ದಿಕ್ಕಿಗೆ ಬರೋದು ಪಾರಿಜಾತ, ಕೆಂಗೇರಿಯಿಂದ ವೈಟ್‌ಫೀಲ್ಡ್. ಅಲ್ಲಿಗೆ ಹೂವು ಉದುರಿತು. ವೈಟ್‌ಫೀಲ್ಡ್ ಆಚೆ ಮಾಲೂರು, ಬಂಗಾರಪೇಟೆ, ಕೆಜಿಎಫ್‌ನಿಂದ ದಿನಾ ಬಂದು ಈ ನಗರ ಗುಡಿಸೋರು ಉಪನಗರದವರಲ್ವಾ? ಮುಂದೆ ವಿಸ್ತರಿಸ್ತೀವಿ ಅನ್ನೋ ಮಾತು ಆಗಾಗ ಬರುತ್ತೆ. ಮುಂದೆ ಅನ್ನೋ ಪದದ ಮೇಲೆ ನಮ್ಮ ಜನ ತುಂಬಾ ವರ್ಷ ಬದುಕಿದ್ದಾರೆ.

ಸಂಗಾತಿಗಳಿಗೂ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ನಾವು ಪ್ರತಿಮೆಗೆ ಹಾರ ಹಾಕೋಕೆ ಸಾವಿರ ಜನ ಸೇರ್ತೀವಿ. ಸ್ಟೇಷನ್ ನಲ್ಲಿಗೋಸ್ಕರ ಹತ್ತು ಜನ ಸೇರಿದ್ದು ನಾನು ನೋಡಿಲ್ಲ. ನಾನೂ ಸೇರಿಸಿಲ್ಲ. ಮಹಾಡ್‌ನಲ್ಲಿ ಕೇಳಿದ್ದು ನೀರೇ ತಾನೇ? ಮನೆಮಾತು ತಮಿಳು ಅಂತ ಕನ್ನಡ ಸಂಘಟನೆಗಳು ನಮ್ಮನ್ನ ಹೊರಗಿಡ್ತವೆ, ಕರ್ನಾಟಕದವರು ಅಂತ ತಮಿಳುನಾಡಿನವರು. ನೀವೂ ಇಟ್ರೆ ನಾವೆಲ್ಲಿಗೆ ಹೋಗೋಣ?

ಈ ವಾರ ನಾವು ಕೆಲವರು ಸೇರಿ ಮಾಹಿತಿ ಹಕ್ಕು ಅರ್ಜಿ ಹಾಕ್ತಾ ಇದ್ದೀವಿ. ಕೋರಮಂಡಲ್‌ನಿಂದ ಮಾರಿಕುಪ್ಪಂ ತನಕ ಒಂದೊಂದು ಸ್ಟೇಷನ್‌ನ ದರ್ಜೆ ಯಾವುದು, ಆ ದರ್ಜೆಗೆ ಸಿಗಬೇಕಾದ ನಲ್ಲಿ, ಪಾಯಖಾನೆ, ನೆರಳು ಎಷ್ಟು, ಇರೋದು ಎಷ್ಟು, ಹೆಂಗಸರ ಪಾಯಖಾನೆಯ ಬೀಗದ ಕೈ ಯಾರ ಹತ್ರ. ಅರ್ಜಿಗೆ 10 ರೂಪಾಯಿ. ಮಾಲೂರು, ಟೇಕಲ್, ಬಂಗಾರಪೇಟೆ ಕಡೆಯವರು ನಿಮ್ಮ ಸ್ಟೇಷನ್‌ಗೂ ಹಾಕಿ. ಅರ್ಜಿಯ ನಮೂನೆ ಬೇಕಾದೋರು ಇನ್‌ಬಾಕ್ಸ್‌ಗೆ ಬನ್ನಿ, ಕನ್ನಡದಲ್ಲೇ ಇದೆ.

ಜೈ ಭೀಮ್.